ಪುಚೊಂಗಿನಲ್ಲಿ ವಿಮಲಕ್ಕನ ಚುನಾವಣೆ

ನಮ್ಮ ಮನೆಯಲ್ಲಿ ಯಾವ ಡ್ರಾಯರ್ ಎಳೆದರೂ ಒಂದು ಕಪ್ಪು ಪೆನ್ನು ಉರುಳಿಕೊಂಡು ಮುಂದೆ ಬರುತ್ತದೆ. ಕತ್ತರಿ ಹುಡುಕಿದರೆ ಪೆನ್ನು, ಸೂಜಿ ಹುಡುಕಿದರೆ ಪೆನ್ನು, ಜ್ವರದ ಮಾತ್ರೆ ಹುಡುಕಿದರೂ ಪೆನ್ನೇ. ಮೊನ್ನೆ ಸಾರಿನ ಪುಡಿಯ ಡಬ್ಬದ ಹಿಂದೆಯೂ ಒಂದು ಸಿಕ್ಕಿತು. ಇವು ಯಾವುವೂ ನಾವು ಕೊಂಡವಲ್ಲ. ನಮ್ಮ ಮನೆಗಿಂತ ಎರಡು ಮಹಡಿ ಮೇಲಿರುವ ವಿಮಲಕ್ಕ ಅಮೆರಿಕದ ಅಧ್ಯಕ್ಷ ಚುನಾವಣೆಗೆಂದು ಪುಚೊಂಗಿನ ಸ್ಟೇಷನರಿ ಅಂಗಡಿಯಿಂದ ತಂದವು. ಮತಪತ್ರವನ್ನು ಕಪ್ಪು ಶಾಯಿಯಲ್ಲೇ ತುಂಬಬೇಕೆಂದು ಸೂಚನೆಯಲ್ಲಿ ಬರೆದಿತ್ತು. ಅದಕ್ಕೆ ಬೇಕಾದದ್ದು ಒಂದೇ ಪೆನ್ನು. ಅವರು ಎರಡು ಡಬ್ಬ ತಂದರು. ಒಂದು ಬರೆಯದಿದ್ದರೆ ಇನ್ನೊಂದು, ಆ ಡಬ್ಬವೇ ಕೆಟ್ಟದ್ದಾಗಿದ್ದರೆ ಇನ್ನೊಂದು ಡಬ್ಬ. ಉಳಿದವು ನಮ್ಮ ಮನೆಗೆ ಬಂದವು.

ಅಮೆರಿಕದ ಚುನಾವಣೆಗೂ ಮಲೇಷ್ಯಾದ ಪುಚೊಂಗಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಗಂಡ ಸುಧೀರನೂ ಇದನ್ನೇ ಕೇಳುತ್ತಿದ್ದ. ಸಂಬಂಧ ವಿಮಲಕ್ಕ, ಅಷ್ಟೆ. ಧಾರವಾಡದಲ್ಲಿ ಹುಟ್ಟಿ, ನರ್ಸಿಂಗ್ ಓದಿ, ಅಮೆರಿಕದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ, ಅಲ್ಲಿನ ಪ್ರಜೆಯಾಗಿ, ಈಗ ಸುಬಾಂಗ್ ಜಯಾದ ಖಾಸಗಿ ಕಾಲೇಜೊಂದರಲ್ಲಿ ನರ್ಸಿಂಗ್ ಪಾಠ ಹೇಳುತ್ತಾರೆ. ಅದೇ ಕಾಲೇಜಿನ ಗ್ರಂಥಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ಇಬ್ಬರೂ ಬೆಳಗ್ಗೆ ಒಟ್ಟಿಗೆ ಎಲ್‌ಆರ್‌ಟಿ ರೈಲು ಹತ್ತುತ್ತೇವೆ. ಅರವತ್ತರ ಹೆಂಗಸು, ಒಬ್ಬರೇ ಇರುತ್ತಾರೆ, ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿ ನಿಂತೇ ಬರುತ್ತಾರೆ.

ಅವರು ಯಾವ ಪಕ್ಷದವರು ಎಂಬುದನ್ನು ನಾನು ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲೇ ಪುಟ ಮುಚ್ಚುತ್ತಾರೆ, ಇನ್ನರ್ಧ ಜನ ಓದದೆಯೇ ತಲೆದೂಗುತ್ತಾರೆ. ಎರಡೂ ನನಗೆ ಬೇಡ. ಇಷ್ಟು ತಿಳಿದರೆ ಸಾಕು: ಅವರ ರಾಜ್ಯ ಯಾವ ಕಡೆಗೂ ವಾಲಬಹುದಾದಂಥದ್ದು, ಅಲ್ಲಿ ಒಂದೊಂದು ಓಟಿಗೂ ಎಳೆದಾಟ. ಪಕ್ಷದ ವಿಷಯದಲ್ಲಿ ವಿಮಲಕ್ಕನಿಗೆ ನಡುದಾರಿ ಎಂಬುದು ಇರಲಿಲ್ಲ.

ನನ್ನ ಸ್ವಂತ ರಾಜಕೀಯ ಜೀವನ ಮೈಸೂರಿನಲ್ಲಿ ಎಂಟನೆಯ ವಯಸ್ಸಿಗೇ ಮುಗಿದುಹೋಗಿತ್ತು. ನಮ್ಮ ವಾರ್ಡಿನ ಚುನಾವಣೆ. ಆಟೋಗಳ ನೆತ್ತಿಗೆ ಮೈಕು ಕಟ್ಟಿಕೊಂಡು ಎರಡು ಪಾರ್ಟಿಯವರೂ ಬೀದಿ ಸುತ್ತುತ್ತಿದ್ದರು. ಹಿಂದೆ ಓಡಿದ ಮಕ್ಕಳಿಗೆ ತಗಡಿನ ಬ್ಯಾಡ್ಜು, ಗುಲಾಬಿ ಬಣ್ಣದ ಕರಪತ್ರ, ಅದೃಷ್ಟವಿದ್ದರೆ ಪೆಪ್ಪರ್‌ಮೆಂಟು. ಕರಪತ್ರದ ಹಿಂಬದಿ ಖಾಲಿ ಇರುತ್ತಿದ್ದುದರಿಂದ ನಮ್ಮ ಗುಣಾಕಾರವೆಲ್ಲ ಅದರ ಮೇಲೆಯೇ. ನಾನು ಒಂದು ಪಾರ್ಟಿಯ ಬ್ಯಾಡ್ಜನ್ನು ಫ್ರಾಕಿನ ಎದೆಗೆ, ಇನ್ನೊಂದರದನ್ನು ಕಾಲರಿನ ಒಳಗೆ ಚುಚ್ಚಿಕೊಂಡು, ಬಂದ ಆಟೋ ನೋಡಿ ಅದಲು ಬದಲು ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಎರಡು ಆಟೋಗಳೂ ಬೀದಿಯ ಎರಡು ತುದಿಯಿಂದ ಬಂದು ನಮ್ಮ ಗೇಟಿನ ಮುಂದೆಯೇ ಎದುರುಬದುರಾದವು. ನಾನು ಗಡಿಬಿಡಿಯಲ್ಲಿ ಒಬ್ಬರ ಬ್ಯಾಡ್ಜು ಹಾಕಿಕೊಂಡು ಇನ್ನೊಬ್ಬರಿಗೆ ಜೈಕಾರ ಕೂಗಿದೆ. ಬೀದಿಯೆಲ್ಲ ನಕ್ಕಿತು. ಸೋದರತ್ತೆ ಕಿವಿ ಹಿಡಿದು ಮನೆಯೊಳಗೆ ಎಳೆದುಕೊಂಡು ಹೋಗಿ, "ಒಂದು ಕಡೆ ಇರು, ಇಲ್ಲಾ ಒಳಗಿರು" ಎಂದರು. ಅಂದಿನಿಂದ ನಾನು ಒಳಗೇ ಇದ್ದೇನೆ.

ಮೈಸೂರಿನ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಉಳಿದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮಲೇಷ್ಯಾದ ಚುನಾವಣೆ ನನ್ನದಲ್ಲ. ಹೀಗೆ ಎರಡು ದೇಶಗಳ ಚುನಾವಣೆಗಳನ್ನೂ ಬಾಲ್ಕನಿಯಲ್ಲಿ ನಿಂತು ನೋಡುವ ನನಗೆ, ಮೂರನೆಯ ದೇಶದ್ದೊಂದು ವಿಮಲಕ್ಕನ ಮೂಲಕ ತಗಲಿಕೊಂಡಿತು.

ತಗಲಿಕೊಂಡದ್ದು ಬೆಳಗಿನ ಫೋನುಗಳಿಂದ. ಆ ದಿನಗಳಲ್ಲಿ ಅವರ ಅಮೆರಿಕದ ಊರಿಗೂ ನಮಗೂ ಸರಿಯಾಗಿ ಹನ್ನೆರಡು ಗಂಟೆ ವ್ಯತ್ಯಾಸ. ಇಲ್ಲಿ ಬೆಳಗ್ಗೆ ಆರೂವರೆ ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ, ಜನ ಊಟಕ್ಕೆ ಕೂತಿರುವ ಹೊತ್ತು. ವಿಮಲಕ್ಕ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಾಣದ ಜನರೊಡನೆ ಮಾತಾಡಲು ಪಕ್ಷದವರು ಕಳಿಸಿದ ಪಟ್ಟಿ ಹಿಡಿದು ಕೂರುತ್ತಿದ್ದರು. ದಿನಕ್ಕೆ ಒಂದೂವರೆ ಗಂಟೆ. ನಾನು ರೈಲಿಗೆ ಕರೆಯಲು ಹೋದವಳು ಬಾಗಿಲಲ್ಲೇ ನಿಂತು ಕೇಳುತ್ತಿದ್ದೆ. ಹೆಚ್ಚಿನವರು ಫೋನ್ ಎತ್ತುತ್ತಿರಲಿಲ್ಲ. ಎತ್ತಿದವರಲ್ಲಿ ಹೆಚ್ಚಿನವರು ಇಟ್ಟುಬಿಡುತ್ತಿದ್ದರು. ಒಬ್ಬಾತ ಇವರ ಉಚ್ಚಾರಣೆ ಕೇಳಿ, ನೀನು ಯಾವ ದೇಶದವಳು, ನಮಗೆ ಹೇಳಲು ಯಾರು ಎಂದು ಬೈದ. ವಿಮಲಕ್ಕ ಪೂರ್ತಿ ಕೇಳಿಸಿಕೊಂಡು, ನಿಮ್ಮ ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದೆ, ನಿಮಗೆ ಶುಭ ಸಂಜೆ ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿ ಪಟ್ಟಿಯಲ್ಲಿ ಒಂದು ಗುರುತು ಹಾಕಿದರು.

"ಬೈಸಿಕೊಂಡ್ರಿ ಅಲ್ವಾ ಅಕ್ಕ, ಬೇಜಾರಾಗಲ್ವಾ?" ಎಂದೆ.

"ಬೈದಾಂವಂದು ಬ್ಯಾಸರಿಲ್ಲವಾ, ಅವಂಗ ಏನರ ಒಂದು ಅಭಿಪ್ರಾಯ ಅದ. ಎರಡೂ ಪಾರ್ಟಿ ಒಂದ, ನಾ ಮನ್ಯಾಗ ಇರ್ತೇನಿ ಅಂತಾರಲ್ಲ, ಅವ್ರು ನನ್ನ ಜೀವಾ ತಿಂತಾರ" ಎಂದರು. ನಾನು ಸುಮ್ಮನೆ ನನ್ನ ಚಪ್ಪಲಿ ನೋಡಿಕೊಂಡೆ.

ಅವರ ಕಿರಿಕಿರಿಗಳು ಒಂದೆರಡಲ್ಲ. ಸ್ವಂತ ಪಕ್ಷದಿಂದಲೇ ದಿನಕ್ಕೆ ಹತ್ತು ಇಮೇಲು ಬರುತ್ತಿದ್ದವು. ಪ್ರತಿಯೊಂದರಲ್ಲೂ 'ವಿಮಲಾ, ಎಲ್ಲ ಮುಳುಗಿತು' ಎಂಬ ಧಾಟಿ. ಅವರ ಅಭ್ಯರ್ಥಿ ಚರ್ಚೆಯಲ್ಲಿ ಒಂದು ಸುಲಭದ ಪ್ರಶ್ನೆಗೆ ಸುತ್ತಿ ಬಳಸಿ ಉತ್ತರ ಕೊಟ್ಟಾಗ ನಾವು ಬೀದಿಯ ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಟೀ ಕುಡಿಯುತ್ತ ಫೋನಿನಲ್ಲಿ ನೋಡುತ್ತಿದ್ದೆವು. ವಿಮಲಕ್ಕ ಲೋಟ ಕೆಳಗಿಟ್ಟು, "ಹೌದು ಅನ್ನಬೇಕು ಇಲ್ಲಾ ಅಲ್ಲ ಅನ್ನಬೇಕು. ನನ್ನ ವಿದ್ಯಾರ್ಥಿ ಹಿಂಗ ಉತ್ತರ ಬರದ್ರ ಫೇಲ್ ಮಾಡ್ತಿದ್ದೆ" ಎಂದರು. ಧಾರವಾಡದಲ್ಲಿರುವ ಅವರ ತಮ್ಮ ಇನ್ನೊಂದು ಪಕ್ಷದ ಅಭಿಮಾನಿ. ಅವರಿಗೆ ಓಟಿಲ್ಲ, ಪಾಸ್‌ಪೋರ್ಟೂ ಇಲ್ಲ, ಆದರೆ ಪ್ರತಿ ಭಾನುವಾರ ಫೋನ್ ಮಾಡಿ ಅಕ್ಕನಿಗೆ ಅಮೆರಿಕದ ಅರ್ಥವ್ಯವಸ್ಥೆ ಹೇಳಿಕೊಡುತ್ತಿದ್ದರು.

ಇಷ್ಟರಲ್ಲಿ ನನಗೂ ಅಮಲು ಏರಿತ್ತು. ಒಂದು ರಾಜ್ಯದ ಯಾವ ಜಿಲ್ಲೆಯಲ್ಲಿ ಎಷ್ಟು ಜನ ಯಾರ ಕಡೆ ಎಂದು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕದ್ದು ನೋಡುತ್ತಿದ್ದೆ. ರಾತ್ರಿ ಊಟದ ಮೇಜಿನಲ್ಲಿ ಸುಧೀರನೊಡನೆ ವಾದಕ್ಕಿಳಿಯುತ್ತಿದ್ದೆ. ಒಮ್ಮೆ ದನಿ ಏರಿದಾಗ, ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ತಟ್ಟೆಯಿಂದ ತಲೆ ಎತ್ತದೆ, "ಅಮ್ಮಾ, ಯು ಕಾಂಟ್ ಈವನ್ ವೋಟ್ ಲಾ" ಎಂದಳು. ಸುಧೀರ ಅವಳಿಗೆ ಇನ್ನೊಂದು ಹಪ್ಪಳ ಬಡಿಸಿದ.

ಮತಪತ್ರ ಇಮೇಲಿನಲ್ಲಿ ಬಂದ ದಿನ ವಿಮಲಕ್ಕ ಅದನ್ನು ನಮ್ಮ ಮನೆಯ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿಕೊಂಡರು. ತಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ತುಂಬಿದರು. ಸಹಿ ಹಾಕಿದರು, ಲಕೋಟೆ ಅಂಟಿಸಿದರು, ಕೊರಿಯರಿಗೆ ಕೊಟ್ಟರು. ಗಡುವಿಗೆ ಇನ್ನೂ ಒಂದು ತಿಂಗಳ ಮೇಲಿತ್ತು. ಸಂಜೆ ಕೇಸರಿಬಾತ್ ಮಾಡಿ ತಂದು, "ನಂದು ಮುಗೀತವಾ" ಎಂದರು.

ಈಗ ಶೆಣೈ ಡಾಕ್ಟರ ವಿಷಯ ಹೇಳಬೇಕು. ಮಂಗಳೂರಿನ ಕಡೆಯವರು, ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಅದಕ್ಕೆ ಮುಂಚೆ ವಿಮಲಕ್ಕನ ರಾಜ್ಯದಲ್ಲೇ ಸರ್ಜನ್ ಆಗಿದ್ದವರು, ಅವರೂ ಅಲ್ಲಿನ ಪ್ರಜೆ. ಅಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಎರಡು ವರ್ಷದ ಹಿಂದೆ ಸುಬಾಂಗ್ ಜಯಾದಲ್ಲಿ ಕನ್ನಡದವರೆಲ್ಲ ಸೇರಿ ಮಾಡಿದ ಗಣೇಶನ ಹಬ್ಬದ ಊಟದಲ್ಲಿ ನಾನೇ ಪರಿಚಯ ಮಾಡಿಸಿದೆ. ಪಾಯಸ ಬರುವ ಹೊತ್ತಿಗೆ ಜಗಳ ಶುರುವಾಗಿತ್ತು. ಡಾಕ್ಟರು ಇನ್ನೊಂದು ಪಕ್ಷ.

"ನಾ ಆಸ್ಪತ್ರ್ಯಾಗ ಕಣ್ಣಾರೆ ಕಂಡದ್ದು ಹೇಳಾಕತ್ತೇನಿ ಡಾಕ್ಟ್ರ" ಎಂದು ವಿಮಲಕ್ಕ.

"ನಾನೂ ಆಸ್ಪತ್ರೆಯಲ್ಲೇ ಕಂಡದ್ದು ಸಿಸ್ಟರ್. ಬೇರೆ ಎಲ್ಲಿ ಕಾಣ್ಲಿಕ್ಕುಂಟು?" ಎಂದು ಡಾಕ್ಟರು.

ಒಂದೇ ಬಗೆಯ ವಾರ್ಡಿನಲ್ಲಿ ಒಂದೇ ಬಗೆಯ ರೋಗಿಗಳನ್ನು ನೋಡಿ ಇಬ್ಬರೂ ಎರಡು ದಿಕ್ಕಿಗೆ ಹೋಗಿದ್ದರು. ಅಂದಿನಿಂದ ಎರಡು ವರ್ಷ, ದಿನ ಬಿಡದೆ, ಒಬ್ಬರಿಗೊಬ್ಬರು ಪತ್ರಿಕೆಯ ತುಣುಕುಗಳನ್ನು ಫೋನಿಗೆ ಕಳಿಸುತ್ತಿದ್ದರು. ಪಾಠ ಹೇಳುವ ತನ್ನನ್ನು ಡಾಕ್ಟರು ಬೇಕೆಂದೇ ಸಿಸ್ಟರ್ ಎನ್ನುತ್ತಾರೆಂದು ವಿಮಲಕ್ಕನಿಗೆ ಸಿಟ್ಟು. ಆದರೂ ಫೋನ್ ಕುಂಯ್ ಎಂದರೆ ಮೊದಲು ಅದನ್ನೇ ನೋಡುತ್ತಿದ್ದರು.

ಅಕ್ಟೋಬರಿನ ಒಂದು ಶುಕ್ರವಾರ ಸಂಜೆ ರೈಲಿನಿಂದ ಇಳಿಯುತ್ತಿದ್ದಾಗ ಡಾಕ್ಟರ ಫೋನ್ ಬಂತು. ವಿಮಲಕ್ಕ ಸ್ಪೀಕರ್ ಹಾಕಿದರು.

"ಸಿಸ್ಟರ್, ಒಂದು ಉಪಕಾರ ಆಗ್ಬೇಕಿತ್ತು. ನಂಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಒಂದು ಕಣ್ಣು. ಇನ್ನೊಂದು ಮೊದಲೇ ಮಂಜು. ಹೆಂಡತಿ ಊರಿಗೆ ಹೋಗಿದ್ದಾಳೆ. ಬ್ಯಾಲೆಟ್ ಬಂದದ್ದುಂಟು, ಅದರಲ್ಲಿ ಹೆಸರಿನ ಎದುರು ತುಂಬಿಸ್ಲಿಕ್ಕಿರುವ ಸಣ್ಣ ಸಣ್ಣ ಸೊನ್ನೆ ನಂಗೆ ಕಾಣುದಿಲ್ಲ. ಕೊರಿಯರಿಗೆ ಇನ್ನು ಎರಡು ಮೂರು ದಿನದೊಳಗೆ ಕೊಡದಿದ್ರೆ ಸಮಯಕ್ಕೆ ತಲುಪುತ್ತದೆ ಅಂತ ಧೈರ್ಯ ಇಲ್ಲ."

ವಿಮಲಕ್ಕ ಪ್ಲಾಟ್‌ಫಾರಮ್ಮಿನಲ್ಲಿ ನಿಂತರು. ಜನ ಎರಡೂ ಕಡೆಯಿಂದ ಸರಿದುಹೋದರು.

"ನಿಮ್ಮ ಕಾಲೇಜಿನ್ಯಾಗ ಯಾರೂ ಇಲ್ಲೇನ್ರಿ?" ಎಂದು ಕೇಳಿದರು.

"ಇದ್ದಾರೆ. ಅವರ ಹತ್ತಿರ ನನ್ನ ಓಟು ಹೇಳಿಕೊಳ್ಳಿಕ್ಕೆ ನಂಗೆ ಮನಸ್ಸಿಲ್ಲ. ನಿಮಗೆ ಹೇಗೂ ಗೊತ್ತುಂಟು."

"ನಿಮ್ಮ ಮನ್ಯಾಗ ಪ್ರಿಂಟರ್ ಅದನೇನು?"

"ಇಲ್ಲ."

"ಇರ್ಲಿ. ನಾಳೆ ಮುಂಜಾನೆ ಬರ್ತೇವಿ" ಎಂದು ಫೋನ್ ಇಟ್ಟರು. 'ಬರ್ತೇವಿ' ಎಂಬ ಬಹುವಚನದಲ್ಲಿ ನಾನೂ ನನ್ನ ಕಾರೂ ಸೇರಿದ್ದೆವೆಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಪ್ರಿಂಟರೂ ನಮ್ಮದೇ.

ಶನಿವಾರ ಬೆಳಗ್ಗೆ ಪ್ರಿಂಟರನ್ನು ಸ್ನಾನದ ಟವೆಲ್ಲಿನಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆವು. ಮೆಲಾಕಾಕ್ಕೆ ಸುಮಾರು ಎರಡು ಗಂಟೆಯ ದಾರಿ. ಹೆದ್ದಾರಿಯ ಎರಡೂ ಬದಿಗೆ ತಾಳೆ ತೋಟಗಳು ಮುಗಿಯುವುದೇ ಇಲ್ಲ. ವಿಮಲಕ್ಕ ಕಿಟಕಿಯ ಕಡೆ ತಿರುಗಿ ಕೂತಿದ್ದರು. ನನ್ನೊಳಗೆ ಒಂದು ಲೆಕ್ಕ ನಡೆದಿತ್ತು: ಒಂದೇ ರಾಜ್ಯ, ಇವರದೊಂದು ಓಟು ಈ ಕಡೆ, ಅವರದೊಂದು ಆ ಕಡೆ. ನಾವು ಇಂಧನ ಸುಟ್ಟುಕೊಂಡು ಹೋಗುತ್ತಿರುವುದು ವಿಮಲಕ್ಕನ ಓಟನ್ನು ಅಳಿಸಿ ಬರಲು.

ಕಡೆಗೆ ತಡೆಯಲಾಗದೆ ಹೇಳಿದೆ, "ಅಕ್ಕ, ದಾರೀಲಿ ಟೈರ್ ಪಂಕ್ಚರ್ ಆಗಿಬಿಟ್ರೆ?"

"ಆದರ ಬಸ್ಸಿನಾಗ ಹೋಗೂಣು."

"ಪ್ರಿಂಟರ್?"

"ತೊಡೀ ಮ್ಯಾಲೆ ಇಟ್ಕೋತೇನಿ."

ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಅಂದರು, "ಸುಮಾ, ನೀ ಏನ್ ಕೇಳಿದಿ ಅಂತ ನನಗ ತಿಳೀತು. ಇಪ್ಪತ್ತೆಂಟು ವರ್ಷ ಇಂಜೆಕ್ಷನ್ ಕೊಟ್ಟೇನಿ. ನಿನ್ನ ವೋಟ್ ಯಾರಿಗೆ ಅಂತ ಒಬ್ಬ ಪೇಶಂಟಿಗೂ ಕೇಳಿಲ್ಲ." ನಾನು ಮೆಲಾಕಾ ಬರುವವರೆಗೂ ರಸ್ತೆಯನ್ನಷ್ಟೇ ನೋಡಿದೆ.

ಡಾಕ್ಟರ ಮನೆ ಎಂಟನೆಯ ಮಹಡಿಯಲ್ಲಿ; ಬಾಲ್ಕನಿಯಿಂದ ಸಮುದ್ರ ಕಾಣುತ್ತಿತ್ತು, ಅವರಿಗೆ ಬಿಟ್ಟು. ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆ ಸವರುತ್ತ ಬಂದು ಬಾಗಿಲು ತೆರೆದರು. ಎರಡು ವರ್ಷ ಜಗಳವಾಡಿದ ಮನುಷ್ಯ ಲುಂಗಿ ಬನಿಯನ್ನಿನಲ್ಲಿ ಎಷ್ಟು ಸಣ್ಣಗೆ ಕಂಡರೆಂದರೆ ನನಗೆ ನನ್ನ ಪಂಕ್ಚರಿನ ಯೋಚನೆಯ ಬಗ್ಗೆ ನಾಚಿಕೆಯಾಯಿತು. ವಿಮಲಕ್ಕ ಮೊದಲು ಕೈ ತೊಳೆದು ಬಂದು ಅವರ ಕಣ್ಣು ನೋಡಿದರು. ಹನಿ ಔಷಧಿ ಸರಿಯಾಗಿ ಹಾಕಿಕೊಳ್ಳುತ್ತಿಲ್ಲವೆಂದು ಗದರಿಸಿ ತಾವೇ ಹಾಕಿದರು. ಡಾಕ್ಟರು ಮಗುವಿನ ಹಾಗೆ ತಲೆ ಹಿಂದಕ್ಕೆ ಒರಗಿಸಿ ಕೂತಿದ್ದರು.

ಮತಪತ್ರ ಅಚ್ಚಾಯಿತು. ವಿಮಲಕ್ಕ ಮೇಜಿನ ಮುಂದೆ ಕೂತು, ಸೂಚನೆಗಳ ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಕಣ್ಣು ಕಾಣದ ಮತದಾರನಿಗೆ ಇನ್ನೊಬ್ಬರು ನೆರವಾಗಬಹುದು, ನೆರವಾದವರು ತಮ್ಮ ಹೆಸರು ಬರೆದು ಸಹಿ ಹಾಕಬೇಕು ಎಂದಿತ್ತು. ಆಮೇಲೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಹೆಸರುಗಳನ್ನು, ಅಚ್ಚಾಗಿದ್ದ ಕ್ರಮದಲ್ಲೇ, ಎಲ್ಲವನ್ನೂ ಒಂದೇ ದನಿಯಲ್ಲಿ ಓದಿದರು.

ಡಾಕ್ಟರು ಒಂದು ಹೆಸರು ಹೇಳಿದರು. ಆ ಹೆಸರನ್ನು ವಿಮಲಕ್ಕ ನಮ್ಮ ಮನೆಯಲ್ಲಿ ಬಾಯಿ ಬಿಟ್ಟು ಹೇಳಿದ್ದೇ ಇಲ್ಲ. 'ಆ ಮನಷ್ಯಾ' ಎನ್ನುತ್ತಿದ್ದರು. ಈಗ ಪೆನ್ನಿನ ಮುಚ್ಚಳ ತೆಗೆದರು. ಆ ಹೆಸರಿನ ಎದುರಿನ ಉದ್ದ ಸೊನ್ನೆಯನ್ನು, ಗೆರೆಯಿಂದ ಆಚೆ ಒಂದು ಕೂದಲೆಳೆಯೂ ಹೋಗದ ಹಾಗೆ, ಅಂಚಿನಿಂದ ಒಳಗೆ ನಿಧಾನವಾಗಿ ತುಂಬಿದರು. ಎಷ್ಟು ನಿಧಾನವೆಂದರೆ ಫ್ಯಾನಿನ ಸದ್ದು ಕೇಳುತ್ತಿತ್ತು. ತುಂಬಿ, ಕೆಳಗೆ ಎಲ್ಲಾದರೂ ಬಿಳಿ ಉಳಿದಿದೆಯೇ ಎಂದು ಬಗ್ಗಿ ನೋಡಿ, ಉಳಿದಿದ್ದ ಒಂದು ಚುಕ್ಕೆಯನ್ನೂ ಮುಚ್ಚಿದರು. ನಿಜ ಹೇಳುತ್ತೇನೆ, ಆ ಪೆನ್ನು ನನ್ನ ಕೈಯಲ್ಲಿದ್ದಿದ್ದರೆ ನಾನು ಮೋಸ ಮಾಡುತ್ತಿರಲಿಲ್ಲ. ಆದರೆ ಆ ಬಿಳಿ ಚುಕ್ಕೆ ಹುಡುಕುತ್ತಿರಲಿಲ್ಲ.

"ಬರ್ರಿ, ನೋಡ್ರಿ" ಎಂದರು ವಿಮಲಕ್ಕ.

"ಬೇಡ ಸಿಸ್ಟರ್. ಎರಡು ವರ್ಷ ನನ್ನ ಮುಖದ ಎದುರೇ ಬೈದವರು ನೀವು. ನೀವು ಹೇಳಿದ್ರೆ ಆಯ್ತು."

"ಅದೆಲ್ಲ ನಡಿಯೂದಿಲ್ಲ. ನೋಡಲಾರದ ಸಹಿ ಮಾಡಬ್ಯಾಡ್ರಿ" ಎಂದು ಚೀಲದಿಂದ ಭೂತಗನ್ನಡಿ ತೆಗೆದು ಕೊಟ್ಟರು. ಅದನ್ನೂ ತಂದಿದ್ದರು. ಡಾಕ್ಟರು ಕಪ್ಪು ಕನ್ನಡಕ ಸರಿಸಿ, ಮಂಜು ಕಣ್ಣಿಗೆ ಅದನ್ನು ಹಿಡಿದು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ ನೋಡಿದರು.

ಅಧ್ಯಕ್ಷ ಸ್ಥಾನದ ನಂತರ ಇನ್ನೂ ಉದ್ದದ ಪಟ್ಟಿ. ಸಂಸತ್ತು, ನ್ಯಾಯಾಧೀಶರು, ಶಾಲಾ ಮಂಡಳಿ. ಪ್ರತಿಯೊಂದಕ್ಕೂ ಓದುವುದು, ಕೇಳುವುದು, ತುಂಬುವುದು. ಎಲ್ಲದರಲ್ಲೂ ಡಾಕ್ಟರು ಆ ಕಡೆಯೇ. ಕಟ್ಟಕಡೆಯಲ್ಲಿ ಅವರ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಇನ್ನಷ್ಟು ವರ್ಷ ತೆರಿಗೆ ಮುಂದುವರಿಸಬೇಕೇ ಎಂಬ ಪ್ರಶ್ನೆ.

"ಹೌದು ಅಂತ ಹಾಕಿ" ಎಂದರು ಡಾಕ್ಟರು. "ನನ್ನ ಮಕ್ಕಳು ಬೆಳೆದದ್ದೇ ಅಲ್ಲಿ."

ವಿಮಲಕ್ಕನ ಪೆನ್ನು ಒಂದು ಕ್ಷಣ ನಿಂತಿತು. "ನಮ್ಮ ಊರಾಗೂ ಇದ ಇತ್ತು. ನಾನೂ ಹೌದು ಅಂದೆ" ಎಂದರು.

ಗ್ರಂಥಾಲಯದವಳಾದ ನಾನು ಮಧ್ಯೆ ಬಾಯಿ ಹಾಕಿ ಇಬ್ಬರಿಗೂ ಧನ್ಯವಾದ ಹೇಳಿದೆ. ಅಂದು ಮೊದಲ ಬಾರಿಗೆ ಮೂವರೂ ನಕ್ಕೆವು. ಮಧ್ಯಾಹ್ನ ಮೆಲಾಕಾದ ಕೊರಿಯರ್ ಕಚೇರಿಯಲ್ಲಿ ಲಕೋಟೆ ಕೊಟ್ಟು, ಡಾಕ್ಟರಿಗೆ ರಾತ್ರಿಗೂ ಆಗುವಷ್ಟು ಅನ್ನ ಸಾರು ತಪಾವು, ಅಂದರೆ ಪಾರ್ಸೆಲ್, ಮಾಡಿಸಿ ಮನೆಗೆ ಮುಟ್ಟಿಸಿ ಹೊರಟೆವು. ಆರನೆಯ ದಿನ ಲಕೋಟೆ ಅಲ್ಲಿ ತಲುಪಿದ್ದನ್ನು ಕೊರಿಯರಿನವರ ಜಾಲತಾಣದಲ್ಲಿ ನೋಡಿ ಡಾಕ್ಟರಿಗೆ ಸುದ್ದಿ ಮುಟ್ಟಿಸಿದವರೂ ವಿಮಲಕ್ಕನೇ.

ಅದಾದ ನಾಲ್ಕೈದು ದಿನಕ್ಕೆ, ಬೆಳಗ್ಗೆ ಏಳಕ್ಕೆ, ನಮ್ಮ ಮನೆಯ ಬೆಲ್ಲು. ಫೋನುಗಳ ಹೊತ್ತಿನಲ್ಲಿ ವಿಮಲಕ್ಕ ಎಂದೂ ಕೆಳಗೆ ಬಂದವರಲ್ಲ. ಬಂದು, ಒಳಗೂ ಬಾರದೆ, ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತುಬಿಟ್ಟರು. ಕೈಯಲ್ಲಿದ್ದ ಫೋನನ್ನು ನನ್ನ ಕಡೆ ಚಾಚಿದರು. ಅವರ ಊರಿನ ಚುನಾವಣಾ ಕಚೇರಿಯ ಇಮೇಲು: ನಿಮ್ಮ ಲಕೋಟೆಯ ಮೇಲಿನ ಸಹಿ ನಮ್ಮ ದಾಖಲೆಯಲ್ಲಿರುವ ಸಹಿಗೆ ಹೊಂದುತ್ತಿಲ್ಲ; ನಿಗದಿತ ದಿನದೊಳಗೆ ಸರಿಪಡಿಸದಿದ್ದರೆ ನಿಮ್ಮ ಮತ ಎಣಿಕೆಯಾಗುವುದಿಲ್ಲ.

"ಡಾಕ್ಟ್ರದು ಮುಟ್ಟಿತು" ಎಂದರು. "ನಂದು ಬಿದ್ದು ಹೋತು."

ನನಗೆ ಮೈ ಉರಿಯಿತು. ಆ ಕಚೇರಿಯಲ್ಲಿ ಆ ಪಕ್ಷದವರೇ ಕೂತಿರಬೇಕು, ಹೆಸರು ನೋಡಿ ಬೇಕೆಂದೇ ಮಾಡಿದ್ದಾರೆ ಎಂದೆಲ್ಲ ಹೇಳಿದೆ. ವಿಮಲಕ್ಕ ಕೈ ಎತ್ತಿ ತಡೆದರು.

"ಅವ್ರದೇನೂ ತಪ್ಪಿಲ್ಲ. ನಾನ ಶಾಣ್ಯಾತನ ಮಾಡಲಿಕ್ಕೆ ಹೋದೆ. ನಾ ಹೈಸ್ಕೂಲಿನ್ಯಾಗ ಇದ್ದಾಗಿಂದ ಸಹಿ ಮಾಡೂದು ಕನ್ನಡದಾಗ. ಪಾಸ್‌ಪೋರ್ಟಿನ್ಯಾಗ ಕನ್ನಡ, ಅಲ್ಲಿ ಮತದಾರರ ಅರ್ಜಿ ಮ್ಯಾಲೂ ಕನ್ನಡ. ಇಷ್ಟು ವರ್ಷ ಏನೂ ಆಗಿಲ್ಲ. ಈ ಸಲದ್ದು ಭಾಳ ಬಿಗಿ ಚುನಾವಣಿ, ಯಾರರ ಓದಲಿಕ್ಕೆ ಬರೂದಿಲ್ಲಂತ ಬಿಸಾಕಿದ್ರ ಅಂತ ಹೆದರಿ, ಲಕೋಟಿ ಮ್ಯಾಲೆ ಇಂಗ್ಲಿಷಿನ್ಯಾಗ ಸಹಿ ಮಾಡೇನಿ."

ಎರಡು ಡಬ್ಬ ಪೆನ್ನು ತಂದ ಹೆಂಗಸು, ಅಷ್ಟೇ ಮುಂಜಾಗ್ರತೆಯಿಂದ ತನ್ನ ಓಟನ್ನು ತಾನೇ ಕೆಡಿಸಿಕೊಂಡಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಸುಧೀರ ಒಳಗಿನಿಂದ ಬಂದು ಇಮೇಲನ್ನು ಪೂರ್ತಿ ಓದಿದ. ಅಲ್ಲಿಯವರೆಗೆ ಈ ಚುನಾವಣೆಯೆಂದರೆ ಮೂಗು ಮುರಿಯುತ್ತಿದ್ದವನು, "ಇದಕ್ಕೊಂದು ಫಾರಂ ಕೊಟ್ಟಿದ್ದಾರೆ ವಿಮಲಕ್ಕ. ಅದರಲ್ಲಿ ಸಹಿ ಮಾಡಿ, ಪಾಸ್‌ಪೋರ್ಟಿನ ಪ್ರತಿ ಜೊತೆಗಿಟ್ಟು ಇಮೇಲಲ್ಲೇ ಕಳಿಸಬಹುದು. ಇನ್ನೂ ಆರು ದಿನ ಇದೆ, ಒಳಗೆ ಬನ್ನಿ" ಎಂದು ಪ್ರಿಂಟರ್ ಹಚ್ಚಿದ.

ನಮ್ಮ ಊಟದ ಮೇಜಿನ ಮೇಲೆ ಅವರು ಸಹಿ ಮಾಡಿದ್ದನ್ನು ನಾನು ಮೊದಲ ಬಾರಿಗೆ ನೋಡಿದೆ. 'ವಿಮಲಾ' ಎಂಬ ಮೂರಕ್ಷರ. ಕೊನೆಯ 'ಲಾ'ದ ದೀರ್ಘವನ್ನು ಎಳೆದು, ಇಡೀ ಹೆಸರಿನ ಕೆಳಗೆ ಹಾಯಿಸಿ, ಮೊದಲಕ್ಷರಕ್ಕೆ ಮುಟ್ಟಿಸುತ್ತಿದ್ದರು. ಅದಕ್ಕೆ ಮುಂಚೆ ಒಂದು ಖಾಲಿ ಹಾಳೆಯ ಮೇಲೆ ಎರಡು ಸಲ ಬರೆದು ನೋಡಿಕೊಂಡರು. ಸ್ವಂತ ಹೆಸರನ್ನು ಅಭ್ಯಾಸ ಮಾಡುತ್ತಿರುವ ಆ ಬಗ್ಗಿದ ತಲೆಯನ್ನು ನೋಡುತ್ತ, ಓಟು ಎಂದರೆ ಇವರಿಗೆ ಏನು ಎಂಬುದು ನನಗೆ ಆ ತಿಂಗಳುಗಳ ಎಲ್ಲ ಮಾತುಗಳಿಗಿಂತ ಹೆಚ್ಚು ತಿಳಿಯಿತು.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಸಂಜೆ ಎಂಟೂವರೆಗೆ, ಅಲ್ಲಿ ಬೆಳಗ್ಗೆ ಕಚೇರಿ ತೆರೆಯುತ್ತಲೇ, ವಿಮಲಕ್ಕ ನಮ್ಮ ಮನೆಯಿಂದ ಫೋನ್ ಮಾಡಿದರು. ಎತ್ತಿದವರು ವಯಸ್ಸಾದ ಹೆಂಗಸು. ಕಾಯಲು ಹೇಳಿ ಹೋಗಿ ಬಂದರು. ಎಲ್ಲ ಸರಿಹೋಗಿದೆ, ನಿಮ್ಮ ಮತ ಸ್ವೀಕಾರವಾಗಿದೆ ಎಂದರು. ಆಮೇಲೆ, ಈ ಕಚೇರಿಯಲ್ಲಿ ತಾನು ಎಷ್ಟೋ ಚುನಾವಣೆಗಳಿಂದ ಇದ್ದೇನೆ, ನಿಮ್ಮ ಸಹಿ ಮಾತ್ರ ನೆನಪಿರುತ್ತದೆ, ಈ ಸಲ ಅದು ಕಾಣದಿದ್ದಾಗ ಬೇರೆ ಯಾರೋ ನಿಮ್ಮ ಹೆಸರಿನಲ್ಲಿ ಓಟು ಹಾಕಿಬಿಟ್ಟರೆಂದು ಗಾಬರಿಯಾಯಿತು ಎಂದರು. ವಿಮಲಕ್ಕ ಫೋನ್ ಇಟ್ಟರು. ಆ ಹೆಂಗಸು ಯಾವ ಪಕ್ಷವೋ ನಮಗೆ ತಿಳಿಯಲಿಲ್ಲ. ಊಹಿಸಲು ನಾನೂ ಹೋಗಲಿಲ್ಲ.

ಫಲಿತಾಂಶದ ದಿನ ಇಲ್ಲಿ ಬುಧವಾರ, ಹಗಲು. ವಿಮಲಕ್ಕ ರಜೆ ಹಾಕಲಿಲ್ಲ. ಫೋನನ್ನು ಚೀಲದಲ್ಲಿ ಹಾಕಿ ನನ್ನ ಮೇಜಿನ ಮೇಲಿಟ್ಟು, ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸಲು ತರಗತಿಗೆ ಹೋದರು. ಮಧ್ಯಾಹ್ನ ಅವರ ರಾಜ್ಯ ಹೋಯಿತು, ಸ್ವಲ್ಪದರಲ್ಲಿ. ಅದರ ಹಿಂದೆಯೇ ಉಳಿದದ್ದೂ ಹೋಯಿತು. ತರಗತಿ ಮುಗಿಸಿ ಬಂದವರು, "ಏನಾತು?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಕುರ್ಚಿಯನ್ನು ಮೇಜಿಗೆ ಸರಿಯಾಗಿ ಎಳೆದು ಕೂತು ನೀರು ಕೇಳಿದರು. ಸಂಜೆಯ ರೈಲಿನಲ್ಲಿ ಸೀಟಿನಲ್ಲಿ ಕೂತು ಬಂದರು. ಅವರು ಫೋನ್ ಮಾಡಿದ್ದ ಪಟ್ಟಿಯಲ್ಲಿ ಕಾರಿಲ್ಲದ ಮುದುಕಿಯೊಬ್ಬಳಿದ್ದಳು. ಅವಳಿಗೆ ಮತಗಟ್ಟೆಗೆ ಹೋಗಲು ವಾಹನದ ವ್ಯವಸ್ಥೆ ಮಾಡಿಸಿದ್ದರು. ಇಳಿಯುವಾಗ ಅಂದದ್ದು ಇಷ್ಟೆ: "ಆ ಮುದುಕಿ ವೋಟ್ ಹಾಕಿದ್ಲಂತ. ಮೆಸೇಜ್ ಮಾಡ್ಯಾಳ."

ಗುರುವಾರ, ಶುಕ್ರವಾರ ಮಾತಿಲ್ಲ. ಕೇಳಿದ್ದಕ್ಕಷ್ಟೇ ಹ್ಞೂಂ, ಉಹ್ಞೂಂ. ಶನಿವಾರ ಬೆಳಗ್ಗೆ ನಾನು ಮಾಮಕ್ ಅಂಗಡಿಯಿಂದ ಪರೋಟದಂಥ ರೊಟ್ಟಿ ಚನಾಯ್ ಕಟ್ಟಿಸಿಕೊಂಡು ಅವರ ಮನೆಗೆ ಹೋದೆ. ಮೇಜಿನ ಮೇಲೆ ಹಳೆಯ ಪಟ್ಟಿ ಹರಡಿತ್ತು. ಚುನಾವಣೆ ಮುಗಿದಿದ್ದರೂ, ಮಾತು ಕೊಟ್ಟಿದ್ದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ, ಓಟು ಹಾಕಿದ್ದಕ್ಕೆ ಧನ್ಯವಾದ ಹೇಳುತ್ತಿದ್ದರು. ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗಿತ್ತು.

ಹತ್ತು ಗಂಟೆಗೆ ಬೆಲ್ಲಾಯಿತು. ನಾನು ಬಾಗಿಲು ತೆರೆದರೆ ಶೆಣೈ ಡಾಕ್ಟರು. ಮೆಲಾಕಾದಿಂದ ಬಸ್ಸಿನಲ್ಲಿ ಬಂದಿದ್ದರು. ವಿಮಲಕ್ಕ ಕೂತಲ್ಲಿಂದ ಏಳಲಿಲ್ಲ.

"ಗೆದ್ದೋರು ಯಾಕ ಬಂದ್ರಿ?" ಎಂದರು.

ಡಾಕ್ಟರು ಚಪ್ಪಲಿ ಬಿಡುತ್ತ ಅಂದರು, "ನಾನ್ ಸೋತಿದ್ರೆ ನೀವು ಬರ್ತಿರಲಿಲ್ವಾ?"

ವಿಮಲಕ್ಕ ಯೋಚಿಸಿದರು. ನಿಜಕ್ಕೂ ಯೋಚಿಸಿದರು. "ಇಲ್ಲ. ಫೋನ್ ಮಾಡ್ತಿದ್ದೆ. ಬರ್ತಿರಲಿಲ್ಲ" ಎಂದರು.

"ಹಾಗಾದ್ರೆ ಈ ಒಂದು ವಿಷಯದಲ್ಲಿ ನಮ್ಮ ಪಾರ್ಟಿ ಮೇಲು" ಎಂದು ಡಾಕ್ಟರು ಎದುರಿನ ಕುರ್ಚಿಯಲ್ಲಿ ಕೂತರು.

ನಾನು ಕಾಫಿ ಮಾಡಲು ಒಳಗೆ ಹೋದೆ. ಹಾಲು ಕಾಯುವ ಹೊತ್ತಿಗೆ ಡಾಕ್ಟರು ಆಸ್ಪತ್ರೆಗಳ ಬಗ್ಗೆ ಏನೋ ಅಂದರು. ವಿಮಲಕ್ಕ ಏನೋ ಚುಟುಕಾಗಿ ಉತ್ತರಿಸಿದರು. ಅವರು ಮತ್ತೇನೋ ಅಂದರು. "ಅಲ್ರೀ ಡಾಕ್ಟ್ರ, ನಿಮಗ ಕಣ್ಣಷ್ಟ ಅಲ್ಲ ಕಿವೀನೂ ಹೋತೇನು, ನಾ ಹೇಳಿದ್ದು ಒಂದು ನೀವು ಕೇಳಿದ್ದು ಒಂದು" ಎಂದು ವಿಮಲಕ್ಕ ಶುರುಮಾಡಿದರು. ಮೂರು ದಿನಗಳ ಮೇಲೆ ಆ ದನಿ ತನ್ನ ಎತ್ತರಕ್ಕೆ ಏರಿತ್ತು. ಮೇಜಿನ ಮೇಲೆ ಕೈ ಬಡಿದ ಸದ್ದೂ ಬಂತು.

ನಾನು ಮೂರು ಲೋಟ ಕಾಫಿ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಕಾಫಿ ಆರುತ್ತಿತ್ತು. ಆರಲಿ ಎಂದು, ಅವರು ಆ ಮಾತು ಮುಗಿಸುವವರೆಗೂ ನಿಂತಿದ್ದೆ.